ನಿವೃತ್ತಿಯಾದ ಮೇಲೆ ಪ್ರತ್ಯೇಕ ಡೈನಿಂಗ್ ರೂಮ್ ಬೇಕಾ?

ನಕ್ಷೆ ಹಿಡಿದವ

ಮನೆಯಲ್ಲಿ ನಾವಿಬ್ಬರೇ, ಇಬ್ಬರೂ ನಿವೃತ್ತರು. ಈಗಿನ ಮನೆ ನಮಗೆ ದೊಡ್ಡದು, ಮೆಟ್ಟಿಲೂ ಜಾಸ್ತಿ. ಚಿಕ್ಕ ಮನೆ ಹುಡುಕಿ ಹುಡುಕಿ ಈಗ ಎರಡು ನಕ್ಷೆ ಕೈಯಲ್ಲಿವೆ. ಮೊದಲನೆಯದರಲ್ಲಿ ಅಡುಗೆಮನೆಯ ಪಕ್ಕ 10 ಅಡಿ, 12 ಅಡಿಯ ಡೈನಿಂಗ್ ರೂಮ್ ಇದೆ. ಅದಕ್ಕೆ ಬಾಗಿಲು, ಒಂದು ಕಿಟಕಿ. ಎರಡನೆಯದರಲ್ಲಿ ಆ ಕೋಣೆಯೇ ಇಲ್ಲ. ಗೋಡೆ ತೆಗೆದು ಹಾಲ್, ಊಟದ ಜಾಗ, ಅಡುಗೆಮನೆ ಎಲ್ಲವನ್ನೂ ಒಂದೇ ಮಾಡಿದ್ದಾರೆ. ಒಟ್ಟು ವಿಸ್ತೀರ್ಣ ಹೆಚ್ಚುಕಮ್ಮಿ ಅಷ್ಟೇ. ಎರಡೂ ನೆಲಮಹಡಿ ಮಾತ್ರ ಇರುವ ಮನೆಗಳು.

ನಮ್ಮ ಹತ್ತಿರ ಎಂಟು ಜನ ಕೂರುವ ಟೇಬಲ್ ಇದೆ. 7 ಅಡಿ ಉದ್ದ, 3 ಅಡಿ ಅಗಲ, ಗಟ್ಟಿ ಮರದ್ದು. ಕೊಟ್ಟುಬಿಡಲು ನನಗೆ ಮನಸ್ಸಿಲ್ಲ. ಮಕ್ಕಳು, ಮೊಮ್ಮಕ್ಕಳು ಬಂದಾಗ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಬೇಕು ಅನ್ನೋದು ನನ್ನ ಆಸೆ. ಅವರು ಬರುವುದು ವರ್ಷಕ್ಕೆ ಕೆಲವೇ ದಿನ. ಉಳಿದಂತೆ ನಾವಿಬ್ಬರು ಆ ಟೇಬಲ್ಲಿನ ಒಂದು ತುದಿಯಲ್ಲಿ ಕೂರುತ್ತೇವೆ. ಬಾಕಿ ಜಾಗದಲ್ಲಿ ಪೇಪರ್, ಬಿಲ್ಲುಗಳು, ಮಾತ್ರೆ ಡಬ್ಬಿ.

ಅನುಭವ ಇದ್ದವರು ಹೇಳಿ. ಯಾವ ನಕ್ಷೆ ಹಿಡಿಯಲಿ?

ಹಗುರ ಸಾಮಾನು

ಎರಡನೆಯದು. ಯೋಚನೆ ಮಾಡುವ ಮಾತೇ ಇಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಾವು ಉಲ್ಟಾ ಮಾಡುತ್ತೇವೆ. ಇರುವುದು ಎರಡು ಜೋಡಿ ಕಾಲು, ಹಾಸಿಗೆ ಮಾತ್ರ ಎಂಟು ಜನರದ್ದು. ಬಳಸದ ಕೋಣೆಗೂ ಕಸ ಗುಡಿಸಬೇಕು, ಬಣ್ಣ ಹೊಡೆಸಬೇಕು, ಕಿಟಕಿ ಒರೆಸಬೇಕು. ಚಳಿಗಾಲಕ್ಕೆ ಬೆಚ್ಚಗಿಡಬೇಕು, ಬೇಸಿಗೆಗೆ ತಂಪಾಗಿಡಬೇಕು. ಮನೆಗೆ ಯಾರೂ ಬರದಿದ್ದರೂ ಧೂಳು ಬರುವುದು ನಿಲ್ಲುವುದಿಲ್ಲ.

ನಾವು ಮನೆ ಬದಲಿಸಿದಾಗ ಡೈನಿಂಗ್ ರೂಮ್ ಬಿಟ್ಟೆವು. ಹಾಲ್‌ನಲ್ಲೇ ನಾಲ್ಕು ಜನ ಕೂರುವ ಟೇಬಲ್ ಇದೆ. ಜನ ಜಾಸ್ತಿ ಬಂದರೆ ತಟ್ಟೆ ಕೈಯಲ್ಲಿ ಹಿಡಿದು ಸೋಫಾ ಮೇಲೆ ಕೂರುತ್ತಾರೆ. ಮಕ್ಕಳಿಗಂತೂ ಅದೇ ಇಷ್ಟ. ಇಷ್ಟು ದಿನದಲ್ಲಿ ಯಾರೂ "ನಿಮ್ಮ ಮನೆಯಲ್ಲಿ ಡೈನಿಂಗ್ ರೂಮ್ ಇಲ್ವಾ" ಅಂತ ಮುಖ ಸಿಂಡರಿಸಲಿಲ್ಲ.

ಅಳತೆಪಟ್ಟಿ

ಅಭಿಪ್ರಾಯ ಆಮೇಲೆ, ಮೊದಲು ಲೆಕ್ಕ ಹಾಕೋಣ. ನಾನು ಮನೆ ನಕ್ಷೆ ಬರೆಯುವವನು. ಊಟದ ಟೇಬಲ್ ಎಷ್ಟು ಜಾಗ ತಿನ್ನುತ್ತದೆ ಅಂತ ಜನ ಯಾವಾಗಲೂ ಕಡಿಮೆ ಅಂದಾಜು ಮಾಡುತ್ತಾರೆ. ಟೇಬಲ್ ಅಷ್ಟನ್ನೇ ಅಳೆಯುತ್ತಾರೆ, ಕುರ್ಚಿ ಹಿಂದಕ್ಕೆ ಸರಿಯುವುದನ್ನು ಮರೆಯುತ್ತಾರೆ.

ಕೂತವರ ಹಿಂದೆ ಯಾರೂ ಓಡಾಡುವುದಿಲ್ಲ ಅಂದರೆ ಟೇಬಲ್ ಅಂಚಿನಿಂದ ಗೋಡೆಗೆ ಕನಿಷ್ಠ 32 ಇಂಚು. ಪಕ್ಕಕ್ಕೆ ತಿರುಗಿ ನುಸುಳಿಕೊಂಡು ಹೋಗಲು 36. ಕೈಯಲ್ಲಿ ಪಾತ್ರೆ ಹಿಡಿದು ಸರಾಗವಾಗಿ ನಡೆಯಲು 44. ಗಾಲಿಕುರ್ಚಿ ಹಿಂದಿನಿಂದ ದಾಟಬೇಕು ಅಂದರೆ 60.

ಈಗ ನಿಮ್ಮ ಕೋಣೆ ನೋಡಿ. 12 ಅಡಿ ಅಂದರೆ 144 ಇಂಚು. ಟೇಬಲ್ 84. ಮಿಕ್ಕಿದ್ದು 60, ತುದಿಗೆ 30ರಂತೆ. ತುದಿಯಲ್ಲಿ ಕೂರುವವರು ಗೋಡೆಗೆ ಒರಗಿಕೊಂಡೇ ಊಟ ಮಾಡಬೇಕು, ಏಳಬೇಕಾದರೆ ಪಕ್ಕದವರೂ ಏಳಬೇಕು. ಅಗಲದ ಕಡೆ ಪರವಾಗಿಲ್ಲ, 120ರಲ್ಲಿ ಟೇಬಲ್ 36 ಹೋದರೆ ಎರಡೂ ಪಕ್ಕ 42 ಸಿಗುತ್ತದೆ. ಆದರೆ ಅಲ್ಲೊಂದು 18 ಇಂಚು ಆಳದ ಪಾತ್ರೆ ಬೀರು ಇಟ್ಟಿರೋ, ಅದೂ 33ಕ್ಕೆ ಇಳಿಯುತ್ತದೆ.

ಎಂಟು ಜನರ ಲೆಕ್ಕವೂ ಹೀಗೇ. ಒಬ್ಬರಿಗೆ 24 ಇಂಚು ಅಂತ ಹಿಡಿದರೆ ನಿಮ್ಮ ಟೇಬಲ್ಲಿಗೆ ಒಂದು ಪಕ್ಕ ಮೂವರು, ಇನ್ನೊಂದು ಪಕ್ಕ ಮೂವರು, ತುದಿಗೆ ಒಬ್ಬೊಬ್ಬರು. ಆ ತುದಿಯ ಇಬ್ಬರಿಗೇ ಈ ಕೋಣೆಯಲ್ಲಿ ಜಾಗ ಇಲ್ಲ. ಅಂದರೆ ಪ್ರತ್ಯೇಕ ಡೈನಿಂಗ್ ರೂಮ್ ತೆಗೆದುಕೊಂಡರೂ ಅದು ಆರು ಜನರದ್ದೇ.

ಇನ್ನೊಂದು ಮಾತು. ನಕ್ಷೆಯಲ್ಲಿ ಬರೆದ 10 ಮತ್ತು 12 ಗೋಡೆಯ ಒಳಮೈಯಿಂದ ಒಳಮೈಗೆ ಇದೆಯೋ, ಗೋಡೆ ದಪ್ಪವನ್ನೂ ಸೇರಿಸಿದ್ದಾರೋ ಕೇಳಿ. ಗೋಡೆ ಸೇರಿದ್ದರೆ ಮೇಲಿನ ಲೆಕ್ಕದಲ್ಲಿ ಇನ್ನೂ ಕೆಲವು ಇಂಚು ಹೋಯಿತು.

ನಕ್ಷೆ ಹಿಡಿದವ

ಅಯ್ಯೋ, ಇದನ್ನು ಮನೆ ತೋರಿಸಿದವರು ಯಾರೂ ಹೇಳಲಿಲ್ಲ. ನಕ್ಷೆಯಲ್ಲಿ ಎಂಟು ಕುರ್ಚಿ ಚಂದವಾಗಿ ಬರೆದಿದ್ದಾರೆ.

ಅಳತೆಪಟ್ಟಿ

ನಕ್ಷೆಯಲ್ಲಿ ಕುರ್ಚಿಗಳು ಯಾವಾಗಲೂ ಟೇಬಲ್ ಒಳಗೆ ತೂರಿಸಿಟ್ಟಂತೆ ಇರುತ್ತವೆ. ಅದರ ಮೇಲೆ ಯಾರೂ ಕೂತಿರುವುದಿಲ್ಲ.

ಬಾಗಿಲಿರಲಿ

ನಾನು ಬೇರೆ ಪಕ್ಷ. ನನಗೆ ಎಪ್ಪತ್ತು ದಾಟಿದೆ, ಎರಡೂ ಕಿವಿಗೆ ಯಂತ್ರ ಇದೆ. ಗೋಡೆ ತೆಗೆದ ಮನೆಯಲ್ಲಿ ಊಟಕ್ಕೆ ಕೂತು ನೋಡಿ, ಆಮೇಲೆ ಹೇಳಿ.

ವಯಸ್ಸಾದಂತೆ ಮೊದಲು ಹೋಗುವುದು ಕೀಚಲು ಧ್ವನಿ ಕೇಳುವ ಶಕ್ತಿ. ಸ, ಶ, ತ ಇಂಥ ಅಕ್ಷರಗಳ ಸದ್ದು ಅಲ್ಲೇ ಇರುವುದು. ಮಾತು ಕೇಳಿಸುತ್ತದೆ, ಏನು ಮಾತು ಅಂತ ಗೊತ್ತಾಗುವುದಿಲ್ಲ. ಗಲಾಟೆ ಇದ್ದರಂತೂ ಮುಗಿಯಿತು. ತೆರೆದ ಮನೆಯಲ್ಲಿ ಒಂದು ಕಡೆ ಚಿಮಣಿ ಫ್ಯಾನ್, ಇನ್ನೊಂದು ಕಡೆ ಟಿವಿ, ನಲ್ಲಿ ನೀರು ಸಿಂಕಿಗೆ ಬೀಳುವ ಸದ್ದು, ಫ್ರಿಜ್ಜಿನ ಗುಂಯ್. ಟೈಲ್ಸ್ ನೆಲ, ಗಾಜಿನ ಬಾಗಿಲು, ಎಲ್ಲವೂ ಸದ್ದನ್ನು ವಾಪಸ್ ಎಸೆಯುವಂಥವೇ. ಕಿವಿಯ ಯಂತ್ರ ಎಲ್ಲವನ್ನೂ ಒಟ್ಟಿಗೆ ಜೋರು ಮಾಡುತ್ತದೆ. ಎಲ್ಲರೂ ನಗುವಾಗ ನಾನೂ ನಗುತ್ತೇನೆ, ಯಾಕೆ ಅಂತ ಗೊತ್ತಿರುವುದಿಲ್ಲ.

ನಮ್ಮ ಡೈನಿಂಗ್ ರೂಮಿಗೆ ಬಾಗಿಲಿದೆ, ದಪ್ಪ ಪರದೆ ಇದೆ. ಬಾಗಿಲು ಹಾಕಿಕೊಂಡರೆ ನಾಲ್ಕು ಜನರ ಮಾತು ನನಗೆ ಪೂರ್ತಿ ಸಿಗುತ್ತದೆ. ಇದು ಶೋಕಿ ಅಲ್ಲ ಸ್ವಾಮಿ. ನಿವೃತ್ತರಿಗೆ ಗೋಡೆ ಬೇಡ ಅನ್ನುವವರಲ್ಲಿ ಜಾಸ್ತಿ ಜನ ಇನ್ನೂ ನಿವೃತ್ತರಾಗದವರು.

ಹಗುರ ಸಾಮಾನು

ಟಿವಿ ಆಫ್ ಮಾಡಿದರೆ ಆಗುವುದಿಲ್ವಾ? ಅದಕ್ಕೊಂದು ಕೋಣೆ ಬೇಕಾ?

ಬಾಗಿಲಿರಲಿ

ಟಿವಿ ನಾನು ಆಫ್ ಮಾಡಬಹುದು. ಮೊಮ್ಮಗನನ್ನು ಆಫ್ ಮಾಡಲು ಬರುವುದಿಲ್ಲ.

ಕೀಲುನೋವು ವಿಭಾಗ

ಫಿಸಿಯೋಥೆರಪಿಸ್ಟ್ ಆಗಿ ನನ್ನ ಎರಡು ಮಾತು. ಸ್ವಲ್ಪ ಉದ್ದ ಆಗಬಹುದು.

ತೆರೆದ ಮನೆಗಳಲ್ಲಿ ಡೈನಿಂಗ್ ರೂಮ್ ತೆಗೆದುಹಾಕಿ ಅದರ ಬದಲು ಅಡುಗೆಕಟ್ಟೆಯನ್ನೇ ಉದ್ದ ಮಾಡಿ ಎತ್ತರದ ಸ್ಟೂಲ್ ಇಡುತ್ತಾರೆ. ನೋಡಲು ಚಂದ. ಕಟ್ಟೆ 36 ಇಂಚು ಇದ್ದರೆ ಸ್ಟೂಲ್ 24ರಿಂದ 26 ಇಂಚು ಬೇಕು. ಕಟ್ಟೆ 42 ಇದ್ದರೆ ಸ್ಟೂಲ್ 30. ಸಾಮಾನ್ಯ ಕುರ್ಚಿಯ ಎತ್ತರ ಸುಮಾರು 18. ಸ್ಟೂಲ್ ಮೇಲೆ ಕೂತವರ ಪಾದ ನೆಲಕ್ಕೆ ತಾಗುವುದಿಲ್ಲ, ಬೆನ್ನಿಗೆ ಆಸರೆ ಇಲ್ಲ, ಹತ್ತುವಾಗ ಇಳಿಯುವಾಗ ಹಿಡಿಯಲು ಏನೂ ಇಲ್ಲ. ಮೊಣಕಾಲು ಸವೆದವರನ್ನು, ತಲೆಸುತ್ತು ಬರುವವರನ್ನು ಅಲ್ಲಿ ಕೂರಿಸುವುದು ಅಂದರೆ ಬೀಳಿ ಅಂತ ಕರೆದು ಹೇಳಿದಂತೆ. ಆ ಎರಡನೇ ನಕ್ಷೆಯಲ್ಲಿ ಸ್ಟೂಲ್ ಬರೆದಿದ್ದರೆ ಅದನ್ನು ಹೊಡೆದುಹಾಕಿ, ಸಾಮಾನ್ಯ ಎತ್ತರದ ಟೇಬಲ್ಲಿಗೆ ಜಾಗ ಇದೆಯಾ ನೋಡಿ.

ಕುರ್ಚಿಗೆ ಕೈ ಇರಲಿ. ಏಳುವಾಗ ಎರಡೂ ಅಂಗೈ ಊರಿ ಏಳಬಹುದು. ಆ ಕೈಗಳು ಟೇಬಲ್ ಕೆಳಗೆ ತೂರಬೇಕು. ಕೊಳ್ಳುವ ಮೊದಲು ಇದನ್ನು ಅಳೆಯಿರಿ, ಎಷ್ಟೋ ಕುರ್ಚಿಗಳ ಕೈ ಟೇಬಲ್ಲಿನ ಅಡ್ಡಪಟ್ಟಿಗೆ ಬಡಿಯುತ್ತದೆ. ಆಗ ಕೂತವರು ತಟ್ಟೆಯಿಂದ ಅರ್ಧ ಅಡಿ ದೂರ ಉಳಿಯುತ್ತಾರೆ, ಬಗ್ಗಿ ಬಗ್ಗಿ ತಿನ್ನುತ್ತಾರೆ. ಗಾಲಿ ಇರುವ ಕುರ್ಚಿ ಬೇಡವೇ ಬೇಡ.

ಒಂಟಿ ಕಾಲಿನ ದುಂಡು ಟೇಬಲ್ ಬಗ್ಗೆ ಎಚ್ಚರಿಕೆ. ಮೊಣಕಾಲಿಗೆ ಜಾಗ ಚೆನ್ನಾಗಿ ಸಿಗುತ್ತದೆ, ನಿಜ. ಆದರೆ ವಯಸ್ಸಾದವರು ಏಳುವಾಗ ಟೇಬಲ್ ಅಂಚಿಗೆ ಭಾರ ಹಾಕುತ್ತಾರೆ. ಹಗುರ ಟೇಬಲ್ ಆದರೆ ಆ ಕಡೆಗೆ ವಾಲುತ್ತದೆ. ಬಿಸಿ ಪಾತ್ರೆ ಜಾರಿ ಮಡಿಲಿಗೆ ಬರುತ್ತದೆ. ನಾಲ್ಕು ಕಾಲು ಇರುವುದು, ಅಥವಾ ಬುಡ ಅಗಲ, ಭಾರ ಇರುವುದು ತೆಗೆದುಕೊಳ್ಳಿ. ಅಂಗಡಿಯಲ್ಲೇ ಅಂಚಿಗೆ ಕೈ ಊರಿ ಒತ್ತಿ ನೋಡಿ. ಅಂಗಡಿಯವರು ಗುರಾಯಿಸಿದರೆ ಗುರಾಯಿಸಲಿ.

ಇನ್ನು ಮುಖ್ಯ ವಿಷಯ. ಆ 10, 12ರ ಕೋಣೆಯನ್ನು ನಾನು ಡೈನಿಂಗ್ ರೂಮ್ ಅಂತ ನೋಡುವುದೇ ಇಲ್ಲ. ಬಾಗಿಲಿರುವ, ಕಿಟಕಿ ಇರುವ ಇನ್ನೊಂದು ಕೋಣೆ ಅಂತ ನೋಡುತ್ತೇನೆ. ನಾಳೆ ಇಬ್ಬರಲ್ಲಿ ಒಬ್ಬರಿಗೆ ಸೊಂಟದ ಆಪರೇಷನ್ ಆಯಿತು ಅಂದುಕೊಳ್ಳಿ. ಒಂದೇ ಮಂಚದಲ್ಲಿ ಇಬ್ಬರಿಗೂ ನಿದ್ದೆ ಇಲ್ಲ. ನೋಡಿಕೊಳ್ಳುವವರೊಬ್ಬರು ರಾತ್ರಿ ಉಳಿಯಬೇಕಾಗಬಹುದು. ಆಗ ಆ ಕೋಣೆ ಬೇಕಾಗುತ್ತದೆ. 3 ಅಡಿ ಅಗಲದ ಒಂಟಿ ಮಂಚ ಗೋಡೆ ಪಕ್ಕ ಹಾಕಿದರೂ ಗಾಲಿಕುರ್ಚಿ ತಿರುಗಲು ಬೇಕಾದ 5 ಅಡಿ ಸುತ್ತಳತೆಯ ಜಾಗ ಉಳಿಯುತ್ತದೆ. ಗೋಡೆ ಇಲ್ಲದ ಹಾಲ್‌ನಲ್ಲಿ ಮಂಚ ಹಾಕಿದರೆ ಮಲಗಿದವರು ಬಂದುಹೋಗುವವರ ಮುಂದೆ ಮಲಗಬೇಕು. ಅದರ ಕಷ್ಟ ಮಲಗಿದವರಿಗೇ ಗೊತ್ತು.

ಅಳತೆಪಟ್ಟಿ

ಕೀಲುನೋವು ಅವರ ಮಾತಿಗೆ ಸಣ್ಣ ತಿದ್ದುಪಡಿ. 5 ಅಡಿ ಅಂದರೆ ವೃತ್ತದ ವ್ಯಾಸ, ಸುತ್ತಳತೆ ಅಲ್ಲ. ಉಳಿದದ್ದೆಲ್ಲ ಸರಿ. ಬಾಗಿಲು ತೆರೆದಾಗ ಖಾಲಿ ಸಿಗುವ ಅಗಲ ಕನಿಷ್ಠ 32 ಇಂಚು ಇರಬೇಕು. ಹಾಗೆ ಸಿಗಲು 36 ಇಂಚಿನ ಬಾಗಿಲು ಹಾಕಿಸಿ. ಚೌಕಟ್ಟು, ಕೀಲು, ಬಾಗಿಲಿನ ದಪ್ಪ ಸೇರಿ ಒಂದಿಷ್ಟು ನುಂಗುತ್ತವೆ.

ಕೀಲುನೋವು ವಿಭಾಗ

ವ್ಯಾಸವೇ. ಥ್ಯಾಂಕ್ಸ್.

ಒಬ್ಬಳೇ

ಎಲ್ಲರೂ ಇಬ್ಬರ ಲೆಕ್ಕ ಹೇಳುತ್ತಿದ್ದೀರಿ. ಒಬ್ಬರೇ ಇರುವವರ ಮಾತೂ ಕೇಳಿ.

ಯಜಮಾನರು ಹೋದಮೇಲೆ ನಾನು ಡೈನಿಂಗ್ ರೂಮಿಗೆ ಕಾಲಿಡುವುದನ್ನೇ ಬಿಟ್ಟೆ. ಅಷ್ಟು ದೊಡ್ಡ ಟೇಬಲ್ಲಿಗೆ ಒಬ್ಬಳು ಕೂರುವುದು ಹೇಗೆ? ಟಿವಿ ಮುಂದೆ, ತಟ್ಟೆ ತೊಡೆ ಮೇಲೆ. ಆಮೇಲೆ ತಟ್ಟೆಯೂ ಬೇಡ ಅನ್ನಿಸಿತು, ಸಿಂಕಿನ ಪಕ್ಕ ನಿಂತೇ ಪಾತ್ರೆಯಿಂದ ನೇರ ತಿನ್ನಲು ಶುರು. ಊಟ ಅಂದರೆ ಮುಗಿಸುವ ಕೆಲಸ ಆಯಿತು. ತೂಕ ಇಳಿಯಿತು. ಡಾಕ್ಟರ್ ರಕ್ತಪರೀಕ್ಷೆ ಎಲ್ಲ ನೋಡಿ, ಕೊನೆಗೆ "ಎಲ್ಲಿ ಕೂತು ಊಟ ಮಾಡುತ್ತೀರಿ" ಅಂತ ಕೇಳಿದರು. ಒಬ್ಬರೇ ಉಣ್ಣುವ ವಯಸ್ಸಾದವರು ಕಡಿಮೆ ತಿನ್ನುತ್ತಾರೆ, ಜೊತೆಗೆ ಜನ ಇದ್ದರೆ ಜಾಸ್ತಿ ತಿನ್ನುತ್ತಾರೆ, ಇದು ಅವರಿಗೆ ದಿನಾ ಕಾಣುವ ವಿಷಯವಂತೆ.

ಅಡುಗೆಮನೆ ಕಿಟಕಿ ಕೆಳಗೆ ಎರಡೂವರೆ ಅಡಿಯ ಚೌಕ ಟೇಬಲ್ ಹಾಕಿಸಿಕೊಂಡೆ. ಎರಡು ಕುರ್ಚಿ. ಒಂದು ನನಗೆ, ಇನ್ನೊಂದು ಬಂದವರಿಗೆ. ಪಕ್ಕದ ಮನೆಯವರು ಬಂದರೆ ಹಾಲ್‌ಗೆ ಹೋಗುವುದಿಲ್ಲ, ಸೀದಾ ಆ ಕುರ್ಚಿಗೆ ಬರುತ್ತಾರೆ. ಡೈನಿಂಗ್ ರೂಮಿನಲ್ಲಿ ಈಗ ಹೊಲಿಗೆ ಮಷೀನು, ಅರ್ಧ ಕತ್ತರಿಸಿದ ಬಟ್ಟೆ. ಬಟ್ಟೆ ಹರಡಲು ಆ ದೊಡ್ಡ ಟೇಬಲ್ಲಿನಷ್ಟು ಒಳ್ಳೆಯದು ಯಾವುದೂ ಇಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಬಾಗಿಲು ಎಳೆದುಕೊಂಡು ಹೋಗಬಹುದು, ಎತ್ತಿಡುವ ತಾಪತ್ರಯ ಇಲ್ಲ. ಹಾಗಾಗಿ ಕೋಣೆ ಬೇಡ ಅಂತ ನಾನು ಹೇಳುವುದಿಲ್ಲ, ಅದರಲ್ಲಿ ಊಟ ಮಾಡಲೇಬೇಕು ಅಂತಲೂ ಹೇಳುವುದಿಲ್ಲ.

ಅಂಕಿ ಅಂಶ

ಒಂದು ಅಧ್ಯಯನ ನೆನಪಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನ ಸಂಶೋಧಕರು 2000ದ ದಶಕದ ಆರಂಭದಲ್ಲಿ 32 ಕುಟುಂಬಗಳ ಮನೆಗೆ ಹೋಗಿ, ಯಾರು ಯಾವ ಹೊತ್ತಿನಲ್ಲಿ ಯಾವ ಕೋಣೆಯಲ್ಲಿದ್ದಾರೆ ಅಂತ ಬರೆದಿಟ್ಟರು. ಜನ ಸೇರುತ್ತಿದ್ದದ್ದು ಅಡುಗೆಮನೆ ಸುತ್ತ, ಟಿವಿ ಸುತ್ತ. ಅಲಂಕಾರದ ಡೈನಿಂಗ್ ರೂಮ್ ಬಹುಪಾಲು ಖಾಲಿ. ಜನ ಏನು ಹೇಳುತ್ತಾರೆ ಅಂತಲ್ಲ, ಎಲ್ಲಿ ಇರುತ್ತಾರೆ ಅಂತ ನೋಡಿದ್ದು. ಅದಕ್ಕೇ ನನಗೆ ಅದರ ಮೇಲೆ ನಂಬಿಕೆ.

ಬಾಗಿಲಿರಲಿ

ಅವರೆಲ್ಲ ಗಂಡ ಹೆಂಡತಿ ಇಬ್ಬರೂ ದುಡಿಯುವ, ಮಕ್ಕಳಿರುವ ಮನೆಗಳು ಅಲ್ವಾ? ಬೆಳಗ್ಗೆ ಓಡುವವರಿಗೆ ಡೈನಿಂಗ್ ರೂಮ್ ಯಾವ ಹೊತ್ತಿಗೆ? ನಮಗೆ ದಿನಕ್ಕೆ ಮೂರು ಹೊತ್ತೂ ಮನೆಯಲ್ಲೇ, ಮೂರು ಹೊತ್ತೂ ಪುರಸೊತ್ತು. ಅವರ ಲೆಕ್ಕ ನಮಗೆ ಯಾಕೆ?

ಅಂಕಿ ಅಂಶ

ಹೌದು, ಅಂಥ ಮನೆಗಳೇ. ಒಪ್ಪಿದೆ. ಆದರೂ ಅಡುಗೆಮನೆ ಹತ್ತಿರ ಜಾಗ ಇದ್ದರೆ ಜನ ಅಲ್ಲೇ ಕೂರುತ್ತಾರೆ ಅನ್ನೋದು ನಿವೃತ್ತರಿಗೂ ಅನ್ವಯಿಸುತ್ತದೆ. ಮೇಲೆ "ಒಬ್ಬಳೇ" ಅವರು ಬರೆದದ್ದೂ ಅದೇ ಅಲ್ವಾ.

ನಕ್ಷೆ ಹಿಡಿದವ

ನಮಸ್ಕಾರ. ಇದು ನಕ್ಷೆ ಹಿಡಿದವನ ಹೆಂಡತಿ. ಅವರು ಸ್ನಾನಕ್ಕೆ ಹೋಗಿದ್ದಾರೆ, ಫೋನ್ ಇಲ್ಲೇ ಇತ್ತು. ಎಲ್ಲ ಓದಿದೆ.

ಒಂದು ವಿಷಯ ಯಾರೂ ಎತ್ತಲಿಲ್ಲ. ಅಡುಗೆಮನೆಯಿಂದ ಡೈನಿಂಗ್ ರೂಮಿಗೆ ಪಾತ್ರೆ ಹೊತ್ತು ನಡೆಯುವುದು ಯಾರು? ಈಗಿನ ಮನೆಯಲ್ಲಿ ಒಲೆಯಿಂದ ಟೇಬಲ್ಲಿಗೆ ಹೋಗಲು ಅಡುಗೆಮನೆ ಬಾಗಿಲು ದಾಟಿ, ಪ್ಯಾಸೇಜ್ ದಾಟಿ, ಇನ್ನೊಂದು ಹೊಸ್ತಿಲು ದಾಟಬೇಕು. ಕೈಯಲ್ಲಿ ಬಿಸಿ ಪಾತ್ರೆ, ಕಾಲಿಗೆ ಹೊಸ್ತಿಲು ಕಾಣುವುದಿಲ್ಲ. ಎಲ್ಲರೂ ಕೂತು ಹರಟೆ ಹೊಡೆಯುತ್ತಿರುತ್ತಾರೆ. ನಾನು ಒಳಗೆ, ನಗು ಮಾತ್ರ ಕೇಳುತ್ತದೆ. "ಬಾ, ನೀನೂ ಕೂತ್ಕೋ" ಅಂತ ಕರೆಯುತ್ತಾರೆ, ನಾನು ಕೂರುವ ಹೊತ್ತಿಗೆ ಅವರದ್ದು ಮುಗಿದಿರುತ್ತದೆ.

ಇವರಿಗೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಆಸೆ. ನನಗೂ ಅದೇ ಆಸೆ, ಆ "ಎಲ್ಲರೂ" ಅನ್ನುವುದರಲ್ಲಿ ನಾನೂ ಸೇರಿದ್ದರೆ. ನನ್ನ ವೋಟು ಗೋಡೆ ಇಲ್ಲದ್ದಕ್ಕೆ. ಕಿವಿ ಮಂದ ಇರುವವರಿಗೆ ಗೋಡೆ ಬೇಕು ಅಂದದ್ದು ಸರಿಯೇ, ನನಗೆ ಅರ್ಥ ಆಗುತ್ತದೆ. ಆದರೆ ಆ ಬಾಗಿಲಿನ ಆಚೆ ಕಡೆ ಒಬ್ಬರು ಇರುತ್ತಾರೆ.

ಬಾಗಿಲಿರಲಿ

ತಾಯಿ, ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಮನೆಯಲ್ಲಿ ಪಾತ್ರೆ ತರುವವನು ನಾನೇ, ಹಾಗಾಗಿ ಈ ಕಡೆಯಿಂದ ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ.

ಹಳೇ ಮೇಷ್ಟ್ರು

ಸ್ವಲ್ಪ ಇತಿಹಾಸ ಹೇಳಿದರೆ ಬೇಜಾರಾಗಬೇಡಿ, ನಿವೃತ್ತ ಮೇಷ್ಟರಿಗೆ ಬೇರೆ ಕೆಲಸ ಇಲ್ಲ.

ಊಟಕ್ಕೇ ಅಂತ ಒಂದು ಕೋಣೆ ಅನ್ನುವುದು ಅಷ್ಟೇನೂ ಹಳೆಯದಲ್ಲ. ಯುರೋಪಿನಲ್ಲಿ ಶತಮಾನಗಳ ಕಾಲ ಹಲಗೆಗಳನ್ನು ಕಾಲುಗಳ ಮೇಲೆ ಜೋಡಿಸಿ ಟೇಬಲ್ ಮಾಡುತ್ತಿದ್ದರು, ಊಟ ಆದಮೇಲೆ ಬಿಚ್ಚಿ ಗೋಡೆಗೆ ಒರಗಿಸುತ್ತಿದ್ದರು. ಅದೇ ಹಜಾರದಲ್ಲಿ ಆಮೇಲೆ ಬೇರೆ ಕೆಲಸ. 18ನೇ ಶತಮಾನದ ಹೊತ್ತಿಗೆ ಅಲ್ಲಿನ ಸ್ಥಿತಿವಂತರ ಮನೆಗಳಲ್ಲಿ ಪ್ರತ್ಯೇಕ ಊಟದ ಕೋಣೆ ರೂಢಿಯಾಯಿತು. ಆ ಮನೆಗಳಲ್ಲಿ ಅಡುಗೆಮನೆ ದೂರ ಇರುತ್ತಿತ್ತು, ವಾಸನೆ, ಹೊಗೆ ಬರಬಾರದು ಅಂತ. ದೂರ ಇದ್ದರೂ ಚಿಂತೆ ಇಲ್ಲ, ಹೊತ್ತು ತರಲು ಆಳುಗಳಿದ್ದರು. ಆಳುಗಳು ಹೋದರು, ಕೋಣೆ ಮಾತ್ರ ನಕ್ಷೆಯಲ್ಲಿ ಉಳಿಯಿತು. ತಾಯಿ ಹೇಳಿದ ತೊಂದರೆ ಬಂದದ್ದು ಅಲ್ಲಿಂದ.

1926ರಲ್ಲಿ ಮಾರ್ಗರೆಟೆ ಶುಟೆ ಲಿಹೋಟ್ಸ್ಕಿ ಅನ್ನುವ ಆಸ್ಟ್ರಿಯಾದ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗೆ ಒಂದು ಅಡುಗೆಮನೆ ರೂಪಿಸಿದರು. 1.9 ಮೀಟರ್ ಅಗಲ, 3.4 ಮೀಟರ್ ಉದ್ದ, ಅಷ್ಟೇ. ಅಡುಗೆ ಮಾಡುವವರ ಹೆಜ್ಜೆ ಉಳಿಸಬೇಕು ಅನ್ನುವುದೇ ಅದರ ಲೆಕ್ಕಾಚಾರ. ಊಟ ಮಾಡುವ ಕೋಣೆಗೆ ಅಲ್ಲಿಂದ ಜಾರುಬಾಗಿಲು. ಬೇಕಾದಾಗ ತೆರೆ, ಬೇಡದಾಗ ಎಳೆ. ಇನ್ನು ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ 1930ರ ದಶಕದಲ್ಲಿ ಕಡಿಮೆ ಖರ್ಚಿನ ಮನೆಗಳನ್ನು ಕಟ್ಟಲು ಹೊರಟಾಗ ಡೈನಿಂಗ್ ರೂಮನ್ನೇ ಕೈಬಿಟ್ಟು, ಅಡುಗೆಮನೆ ಪಕ್ಕ ಹಾಲ್‌ನ ಒಂದು ಮೂಲೆಗೆ ಟೇಬಲ್ ತಂದರು.

ಈ ಎರಡರಲ್ಲಿ ನನಗೆ ಜಾರುಬಾಗಿಲೇ ಇಷ್ಟ. ಪೂರ್ತಿ ಗೋಡೆಯೂ ಅಲ್ಲ, ಪೂರ್ತಿ ಬಯಲೂ ಅಲ್ಲ.

ಅಳತೆಪಟ್ಟಿ

ಮೇಷ್ಟ್ರೇ, ಒಳ್ಳೆ ದಾರಿ ತೋರಿಸಿದಿರಿ. ಮೊದಲನೇ ನಕ್ಷೆಯಲ್ಲಿ ಡೈನಿಂಗ್ ರೂಮಿಗೂ ಅಡುಗೆಮನೆಗೂ ಮಧ್ಯೆ ಇರುವುದು ಒಂದೇ ಗೋಡೆ. ಅದು ಭಾರ ಹೊರುವ ಗೋಡೆ ಅಲ್ಲದಿದ್ದರೆ ಅಲ್ಲಿ 5 ಅಡಿ ಕತ್ತರಿಸಿ ಜಾರುಬಾಗಿಲು ಕೂರಿಸಬಹುದು. ಅಡುಗೆ ಮಾಡುವಾಗ ತೆರೆದಿರಲಿ. ಊಟಕ್ಕೆ ಎಲ್ಲರೂ ಕೂತಮೇಲೆ ಎಳೆದರೆ ಚಿಮಣಿ ಸದ್ದು ಆಚೆ. ರಾತ್ರಿ ಅಲ್ಲಿ ಯಾರಾದರೂ ಮಲಗಿದರೂ ಮರೆ ಇರುತ್ತದೆ. ಹಳಿ ಮಾತ್ರ ಮೇಲೆ ಇರಲಿ, ನೆಲದಲ್ಲಿ ಬೇಡ. ನೆಲದ ಹಳಿ ಎಡವಲು ಹೇಳಿಮಾಡಿಸಿದ್ದು. ಭಾರ ಹೊರುವ ಗೋಡೆಯಾ ಅಲ್ವಾ ಅನ್ನೋದನ್ನು ಇಂಜಿನಿಯರ್ ಬಂದು ನೋಡಿ ಹೇಳಬೇಕು, ತಟ್ಟಿ ನೋಡಿ ತಿಳಿಯುವ ವಿಷಯ ಅಲ್ಲ.

ಹಗುರ ಸಾಮಾನು

ಎಲ್ಲ ಸರಿ. ಮಾರುವ ದಿನ ಬಂದರೆ? ಡೈನಿಂಗ್ ರೂಮ್ ಇದ್ದರೆ ಬೆಲೆ ಬರುತ್ತದೆ ಅಂತ ಕೆಲವರು ಹೇಳುತ್ತಾರೆ.

ಅಂಕಿ ಅಂಶ

ಈ ಕಾರಣಕ್ಕೆ ಮನೆ ಆರಿಸಬೇಡಿ. ಕೊಳ್ಳುವವರಿಗೆ ಏನು ಬೇಕು ಅನ್ನೋದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 2020ರಲ್ಲಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡಬೇಕಾದಾಗ, ಬಾಗಿಲಿರುವ ಕೋಣೆ ಇದ್ದವರೇ ಪುಣ್ಯವಂತರು ಅನ್ನಿಸಿತ್ತು. ಅದಕ್ಕೆ ಮುಂಚೆ ಗೋಡೆ ಒಡೆಸುವುದೇ ಫ್ಯಾಷನ್. ಮುಂದೆ ಏನೋ. ಇನ್ನು ಹದಿನೈದು ಇಪ್ಪತ್ತು ವರ್ಷ ನೀವೇ ಇರುವ ಮನೆ, ನಿಮಗೆ ಹೊಂದಲಿ.

ಎಂಟು ಕುರ್ಚಿ

ತಡವಾಗಿ ಬಂದೆ. ನನ್ನ ಹೆಸರೇ ಹೇಳುವಂತೆ ನಾನು ದೊಡ್ಡ ಟೇಬಲ್ ಪಕ್ಷ. ಪ್ರತ್ಯೇಕ ಕೋಣೆ ಬೇಕೋ ಬೇಡವೋ, ಆದರೆ ಮಕ್ಕಳು ಬಂದಾಗ ತಟ್ಟೆ ತೊಡೆ ಮೇಲಿಟ್ಟುಕೊಂಡು ಸೋಫಾದಲ್ಲಿ ಉಣ್ಣುವುದನ್ನು ನಾನು ಒಪ್ಪುವುದಿಲ್ಲ. ಸೋಫಾದಲ್ಲಿ ಕೂತರೆ ಎಲ್ಲರೂ ಟಿವಿ ಕಡೆ ಮುಖ ಮಾಡುತ್ತಾರೆ. ಟೇಬಲ್ಲಿಗೆ ಕೂತರೆ ಒಬ್ಬರನ್ನೊಬ್ಬರು ನೋಡುತ್ತಾರೆ. ಮಾತು ಅಲ್ಲೇ ಹುಟ್ಟುವುದು, ಜಗಳವೂ ಅಲ್ಲೇ. ಎರಡೂ ಬೇಕು.

ನಮ್ಮದು ಮಧ್ಯೆ ಹಲಗೆ ಸೇರಿಸುವ ಟೇಬಲ್. ದಿನಾ 4 ಅಡಿಯ ದುಂಡು. ಎರಡೂ ಕಡೆ ಎಳೆದು ಹಲಗೆ ಹಾಕಿದರೆ 6 ಅಡಿ, ಆರು ಜನ ಆರಾಮ, ಏಳನೆಯವರು ತಳ್ಳಾಡಿಕೊಂಡು. ಹಲಗೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಮಂಚದ ಕೆಳಗೆ. ಕೊಳ್ಳುವಾಗ ಒಂದನ್ನು ನೋಡಿಕೊಳ್ಳಿ. ಆ ಹಲಗೆಯನ್ನು ಎತ್ತಲು ನಿಮ್ಮಿಂದ ಆಗುತ್ತಾ? ಕೆಲವು ಹಲಗೆ ಒಬ್ಬರ ಕೈಲಿ ಎತ್ತುವಂಥದ್ದಲ್ಲ. ಟೇಬಲ್ಲಿನ ಒಳಗೇ ಮಡಚಿಕೊಂಡು ಕೂರುವ ಹಲಗೆಯೂ ಸಿಗುತ್ತದೆ, ವಯಸ್ಸಾದವರಿಗೆ ಅದೇ ವಾಸಿ. ಹೊರಗೆ ಇಡುವ ಹಲಗೆಗೆ ವರ್ಷ ಕಳೆದಂತೆ ಬಣ್ಣವೂ ಬೇರೆಯಾಗುತ್ತದೆ, ಬೆಳಕು ಬೀಳುವುದಿಲ್ಲ ಅಲ್ವಾ.

ಒಬ್ಬಳೇ

ಬೆಳಕು ಅಂದಿರಿ, ಅದಕ್ಕೆ ಹೇಳುತ್ತೇನೆ. ಟೇಬಲ್ ಎಲ್ಲೇ ಹಾಕಿ, ಅದರ ಮೇಲೆ ಒಳ್ಳೆ ದೀಪ ಇರಲಿ. ಮಂದ ಬೆಳಕಿನಲ್ಲಿ ಊಟ ಸಿನಿಮಾದವರಿಗೆ ಚಂದ. ನನಗೆ ತಟ್ಟೆಯಲ್ಲಿ ಏನಿದೆ ಅಂತ ಕಾಣಬೇಕು.

ಕೀಲುನೋವು ವಿಭಾಗ

ನೂರಕ್ಕೆ ನೂರು. 60ರ ವಯಸ್ಸಿನಲ್ಲಿ ಕಣ್ಣಿನ ಒಳಪರದೆಗೆ ತಲುಪುವ ಬೆಳಕು 20ರ ವಯಸ್ಸಿನಲ್ಲಿ ತಲುಪುತ್ತಿದ್ದದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. ನೇತಾಡುವ ದೀಪ ಟೇಬಲ್ ಮಟ್ಟದಿಂದ 30ರಿಂದ 36 ಇಂಚು ಮೇಲಿರಲಿ, ಬಲ್ಬ್ ಕಣ್ಣಿಗೆ ನೇರ ಹೊಡೆಯದಂತೆ ಮುಚ್ಚಿಗೆ ಇರಲಿ. ಬಿಳಿ ಟೇಬಲ್ ಮೇಲೆ ಬಿಳಿ ತಟ್ಟೆ ಇಟ್ಟರೆ ಅಂಚು ಕಾಣುವುದಿಲ್ಲ, ಬಣ್ಣ ಬೇರೆ ಇರಲಿ. ಹೊಳೆಯುವ ಗಾಜಿನ ಟೇಬಲ್ ಬೇಡ. ಹಾಂ, ಟೇಬಲ್ ಕೆಳಗೆ ಕಾರ್ಪೆಟ್ಟೂ ಬೇಡ. ಕುರ್ಚಿ ಕಾಲಿಗೆ ಸಿಕ್ಕಿ ಮಡಚುತ್ತದೆ.

ಬಾಗಿಲಿರಲಿ

ಕಾರ್ಪೆಟ್ ತೆಗೆದರೆ ಸದ್ದು ಜಾಸ್ತಿ ಆಗುತ್ತದಲ್ಲ?

ಕೀಲುನೋವು ವಿಭಾಗ

ಪರದೆ ದಪ್ಪ ಮಾಡಿ. ಗೋಡೆಗೆ ಬಟ್ಟೆಯ ಚಿತ್ರ ತೂಗುಹಾಕಿ. ಕುರ್ಚಿ ಕಾಲಿಗೆ ಮೆತ್ತನೆಯ ಫೆಲ್ಟ್ ಬಟ್ಟೆ ಅಂಟಿಸಿ, ಗರಗರ ನಿಲ್ಲುತ್ತದೆ. ಎಲ್ಲವೂ ಕಾರ್ಪೆಟ್‌ಗಿಂತ ಅಗ್ಗ, ಆಪರೇಷನ್‌ಗಿಂತ ಇನ್ನೂ ಅಗ್ಗ.

ನಕ್ಷೆ ಹಿಡಿದವ

ಈ ಸಲ ನಾನೇ ಬರೆಯುತ್ತಿರುವುದು. ಹೆಂಡತಿ ಬರೆದದ್ದನ್ನು ಇಲ್ಲೇ ಓದಿದೆ. ಮನೆಯಲ್ಲಿ ಅವಳು ಇದನ್ನು ಇಷ್ಟು ಬಿಡಿಸಿ ಹೇಳಿರಲಿಲ್ಲ.

ನಿನ್ನೆ ಇಬ್ಬರೂ ಸೇರಿ ಇಲ್ಲಿನ ಹಾಲ್ ನೆಲದ ಮೇಲೆ ಟೇಪ್ ಅಂಟಿಸಿ 10, 12ರ ಚೌಕ ಮಾಡಿದೆವು. ಒಳಗೆ ಟೇಬಲ್ ತಂದಿಟ್ಟೆವು. ಅಳತೆಪಟ್ಟಿ ಹೇಳಿದ್ದು ಅಕ್ಷರಶಃ ನಿಜ. ತುದಿಯಲ್ಲಿ ನಾನು ಕೂತಾಗ ಕುರ್ಚಿಯ ಹಿಂದಿನ ಕಾಲು ಟೇಪ್ ಮೇಲೇ ಇತ್ತು. ಆಮೇಲೆ ಅವಳು ಖಾಲಿ ಪಾತ್ರೆ ಹಿಡಿದು ನನ್ನ ಹಿಂದಿನಿಂದ ದಾಟಲು ನೋಡಿದಳು. ಆಗಲಿಲ್ಲ.

ಮೊದಲನೇ ನಕ್ಷೆಗೆ ಇಬ್ಬರೂ ಒಪ್ಪಿದ್ದೇವೆ, ಅಡುಗೆಮನೆ ಕಡೆಯ ಗೋಡೆಗೆ ಜಾರುಬಾಗಿಲು ಬರುವುದಾದರೆ ಮಾತ್ರ. ಇಂಜಿನಿಯರ್ ಹತ್ತಿರ ಕೇಳಿಸುತ್ತಿದ್ದೇವೆ. ಆಗದಿದ್ದರೆ ಎರಡನೆಯದು, ಅಲ್ಲಿ ಸ್ಟೂಲ್ ಕಟ್ಟೆ ತೆಗೆಸುತ್ತೇವೆ. ಅವಳ ಇನ್ನೊಂದು ಷರತ್ತು: ಮಕ್ಕಳು ಬಂದಾಗ ಪಾತ್ರೆ ತರುವವನು ನಾನು.

ಟೇಬಲ್ ಯಾರಿಗಾದರೂ ಬೇಕಾ ಅಂತ ಮಕ್ಕಳಿಗೆ ಕೇಳಿದೆ. ಇಬ್ಬರೂ "ಅಪ್ಪ, ಅದು ನಮ್ಮ ಮನೆ ಬಾಗಿಲಲ್ಲೇ ತೂರುವುದಿಲ್ಲ" ಅಂದರು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಈಗ ಪ್ರಶ್ನೆ, 7 ಅಡಿಯ ಟೇಬಲ್ಲನ್ನು 5 ಅಡಿಗೆ ಕತ್ತರಿಸಬಹುದಾ?

ಎಂಟು ಕುರ್ಚಿ

ಅಯ್ಯೋ, ಕತ್ತರಿಸಬೇಡಿ!

ಅಳತೆಪಟ್ಟಿ

ಕತ್ತರಿಸಬಹುದು. ಟೇಬಲ್ ಕೆಳಗೆ ಮಲಗಿ ನೋಡಿ. ಕಾಲುಗಳನ್ನು ಜೋಡಿಸಿರುವ ಅಡ್ಡಪಟ್ಟಿ ಮೊಳೆಯಲ್ಲಿದೆಯಾ, ಬೋಲ್ಟಿನಲ್ಲಿದೆಯಾ, ಅಥವಾ ಮರಕ್ಕೆ ಮರ ತೂರಿಸಿ ಅಂಟು ಹಾಕಿದ್ದಾರಾ? ಬೋಲ್ಟ್ ಆದರೆ ಸುಲಭ. ಬಿಚ್ಚಿ, ಪಟ್ಟಿಯನ್ನೂ ಮೇಲ್ಹಲಗೆಯನ್ನೂ ಮೋಟು ಮಾಡಿ, ಕಾಲು ಮತ್ತೆ ಜೋಡಿಸುತ್ತಾರೆ. ಅಂಟಿನದಾದರೆ ಕೈ ಪಳಗಿದ ಬಡಗಿ ಬೇಕು. ಎರಡೂ ತುದಿಯಿಂದ ಒಂದೊಂದು ಅಡಿ ತೆಗೆಸಿ, ಒಂದೇ ಕಡೆಯಿಂದ ಎರಡು ಅಡಿ ಬೇಡ. ಮರದ ಗೆರೆಗಳ ವಿನ್ಯಾಸ ಆಗ ಸರಿಯಾಗಿ ನಡುವೆಯೇ ಉಳಿಯುತ್ತದೆ. ಅಡ್ಡಪಟ್ಟಿ ತೀರಾ ಕೆಳಗೆ ಇಳಿದಿದ್ದರೆ ಇದೇ ಸಮಯದಲ್ಲಿ ಕೆಳಭಾಗ ಸ್ವಲ್ಪ ಕೆತ್ತಿಸಿ, ನೆಲದಿಂದ ಪಟ್ಟಿಗೆ 27 ಇಂಚು ಖಾಲಿ ಸಿಗುವಂತೆ. ಗಾಲಿಕುರ್ಚಿಯಲ್ಲಿ ಕೂತವರ ಮೊಣಕಾಲು ತೂರಲು ಅಷ್ಟು ಬೇಕು, ಕೈ ಇರುವ ಕುರ್ಚಿಯೂ ಒಳಗೆ ಹೋಗುತ್ತದೆ. ನಾಲ್ಕು ಮೂಲೆ ದುಂಡು ಮಾಡಿಸಿ, ಸೊಂಟಕ್ಕೆ ಬಡಿಯುವುದು ಅವೇ.

5 ಅಡಿಗೆ ಇಳಿಸಿದರೆ ಆ ಕೋಣೆಯಲ್ಲಿ ತುದಿಗಳಿಗೆ 42 ಇಂಚು ಸಿಗುತ್ತದೆ. ಆರು ಜನ ಕೂರಬಹುದು. ಕತ್ತರಿಸಿದ ಎರಡು ತುಂಡು ಎಸೆಯಬೇಡಿ, ಒಂದೊಂದೂ 1 ಅಡಿಗೆ 3 ಅಡಿ ಇರುತ್ತದೆ. ಕೀಲು ಹಾಕಿಸಿ ಅದೇ ತುದಿಗಳಿಗೆ ಮಡಚುವ ರೆಕ್ಕೆ ಮಾಡಿಸಬಹುದು, ಕೆಳಗೆ ಗಟ್ಟಿ ಆಧಾರ ಕೊಡಿಸಿ. ಮಕ್ಕಳು ಬಂದ ದಿನ ರೆಕ್ಕೆ ಎತ್ತಿ, ಜಾರುಬಾಗಿಲು ತೆರೆದು, ಟೇಬಲ್ಲನ್ನು ಆ ಬಾಗಿಲಿನ ಕಡೆ ಅಡ್ಡ ಎಳೆದುಕೊಂಡರೆ ಎಂಟು ಜನ.

ನಕ್ಷೆ ಹಿಡಿದವ

ಕೆಳಗೆ ಮಲಗಿ ನೋಡಿದೆ. ಬೋಲ್ಟು. ಏಳಲು ಹೆಂಡತಿ ಕೈ ಕೊಡಬೇಕಾಯಿತು. ರೆಕ್ಕೆಗೆ ಯಾವ ತರಹದ ಕೀಲು ಕೇಳಬೇಕು?